ಈ ಮೆಮೊರಿ ಯಾರದು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಕೇಳುವವರು ಹೆಚ್ಚಾಗಿ ಎಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾದವರು. ‘ರಸ್ಟ್ ಕಲಿತಿದ್ದೇನೆ, ಹಿಡಿಸಿದೆ. ಆದರೆ ನಮ್ಮ ಆಫೀಸಿನಲ್ಲಿ ಇರುವುದೆಲ್ಲ ಹದಿನೈದಿಪ್ಪತ್ತು ವರ್ಷ ಹಳೆಯ ಸಿ ಕೋಡು. ಅದನ್ನು ಬಿಸಾಡುವಂತಿಲ್ಲ. ಎರಡನ್ನೂ ಸೇರಿಸಿ ಓಡಿಸಲು ಆಗುತ್ತದೆಯೇ?’ ಆಗುತ್ತದೆ. ಸಿ ಫಂಕ್ಷನ್ ಒಂದನ್ನು ರಸ್ಟ್‌ನಿಂದ ಕರೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ಆದರೆ ಆ ಫಂಕ್ಷನ್ ಕೈಗಿತ್ತ ಮೆಮೊರಿ ಯಾರ ಸೊತ್ತು, ಎಷ್ಟು ಹೊತ್ತು ಬಾಳುತ್ತದೆ, ಕೊನೆಗೆ ಅದನ್ನು ಬಿಡುಗಡೆ ಮಾಡಬೇಕಾದವರು ಯಾರು ಎಂಬುದನ್ನು ತಿಳಿಯಲು ತಿಂಗಳುಗಳೇ ಹಿಡಿಯುತ್ತವೆ. ಪತ್ರ ಬರೆದವರಿಗೆಲ್ಲ ನಾನು ಹೇಳಬೇಕೆಂದಿರುವುದು ಈ ಎರಡನೆಯ ಕೆಲಸದ ಬಗ್ಗೆ.

ಸಿ ಇಷ್ಟು ಗಟ್ಟಿಯಾಗಿ ಬೇರುಬಿಟ್ಟದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಭಾಷೆ ಇದು. ಇವತ್ತಿನ ಲಿನಕ್ಸ್ ಕರ್ನಲ್, ನಿಮ್ಮ ಮೊಬೈಲಿನ ಬಹುಪಾಲು ಆ್ಯಪ್‌ಗಳು ಮಾಹಿತಿ ಇಡುವ ಎಸ್‌ಕ್ಯುಲೈಟ್ ಡೇಟಾಬೇಸ್, ಪೈಥಾನ್‌ನ ಮುಖ್ಯ ಇಂಟರ್‌ಪ್ರಿಟರ್, ಜಾಲದಿಂದ ಕಡತ ತರುವ ಕರ್ಲ್ ಎಲ್ಲವೂ ಸಿ ಭಾಷೆಯವು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಫಂಕ್ಷನ್ ಕರೆಯುವಾಗ ಯಾವ ಮೌಲ್ಯ ಯಾವ ರಿಜಿಸ್ಟರಿನಲ್ಲಿ ಹೋಗಬೇಕು, ಸ್ಟ್ರಕ್ಟ್‌ನ ಯಾವ ಭಾಗ ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಎಂಬ ಸಿ ಭಾಷೆಯ ಕಟ್ಟಳೆಗಳೇ ಎಲ್ಲ ಭಾಷೆಗಳ ನಡುವಿನ ವ್ಯವಹಾರ ಭಾಷೆಯಾಗಿವೆ. ಪೈಥಾನ್ ಮತ್ತು ರಸ್ಟ್ ಮಾತಾಡಿಕೊಳ್ಳಬೇಕಾದರೂ ಇಬ್ಬರೂ ಸಿ ವೇಷ ತೊಟ್ಟೇ ಎದುರಾಗುತ್ತಾರೆ. ಹಾಗಾಗಿ ಯಾವ ಹೊಸ ಭಾಷೆ ಬಂದರೂ ಸಿ ಜೊತೆ ಸಂಸಾರ ಮಾಡುವುದನ್ನು ಕಲಿಯಲೇಬೇಕು.

ಸಿ ಫಂಕ್ಷನ್ ಕರೆಯುವ ಮೊದಲ ಹೆಜ್ಜೆಯಲ್ಲಿ ರಸ್ಟ್ ಬಹಳ ಸಲೀಸು. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ಮುಂದೆ ಮೊಜಿಲ್ಲಾ ಪೋಷಿಸಿದ ಈ ಭಾಷೆಯ 1.0 ಆವೃತ್ತಿ 2015ರ ಮೇ ತಿಂಗಳಲ್ಲಿ ಬಂತು. ಇದರಲ್ಲಿ ಗಾರ್ಬೇಜ್ ಕಲೆಕ್ಟರ್ ಇಲ್ಲ, ಭಾರೀ ರನ್‌ಟೈಮ್ ಇಲ್ಲ. ಆದ್ದರಿಂದ ಸಿ ಫಂಕ್ಷನ್ ಕರೆಯಲು ಹೆಚ್ಚುವರಿ ಖರ್ಚು ಬೀಳುವುದಿಲ್ಲ. ಗೋ ಭಾಷೆಯಲ್ಲಿ ಹಾಗಲ್ಲ. ಅಲ್ಲಿನ ಗೋರುಟೀನ್‌ಗಳ ಸ್ಟ್ಯಾಕ್ ಎರಡೇ ಕಿಲೋಬೈಟಿನಿಂದ ಶುರುವಾಗಿ ಬೇಕಾದಂತೆ ಬೆಳೆಯುತ್ತದೆ. ಅಂಥ ಬೆಳೆಯುವ ಸ್ಟ್ಯಾಕ್ ಸಿ ಕೋಡಿಗೆ ಗೊತ್ತೇ ಇಲ್ಲದ ಸಂಗತಿ. ಹಾಗಾಗಿ ಪ್ರತಿ ಕರೆಗೂ ಬೇರೊಂದು ಸ್ಟ್ಯಾಕ್‌ಗೆ ಹಾರಿ ವಾಪಸು ಬರಬೇಕು. ರಸ್ಟ್‌ನಲ್ಲಿ ‘ಇದು ಸಿ ಕಡೆಯ ಫಂಕ್ಷನ್’ ಎಂದು ಘೋಷಿಸಿ, ‘ಅನ್‌ಸೇಫ್’ ಎಂಬ ಆವರಣದೊಳಗೆ ಕರೆದರೆ ಸಾಕು. ಘೋಷಣೆಗಳನ್ನು ಕೈಯಲ್ಲಿ ಬರೆಯುವ ತೊಂದರೆಯೂ ಇಲ್ಲ. ಬೈಂಡ್‌ಜೆನ್ ಎಂಬ ಸಲಕರಣೆಗೆ ಸಿ ಹೆಡರ್ ಫೈಲ್ ಕೊಟ್ಟರೆ ಅದು ನೂರಾರು ಫಂಕ್ಷನ್‌ಗಳ ಘೋಷಣೆಯನ್ನು ಕ್ಷಣದಲ್ಲಿ ಬರೆದುಕೊಡುತ್ತದೆ. ಜಿಗ್ ಭಾಷೆ ಸಿ ಹೆಡರುಗಳನ್ನು ಅನುವಾದಿಸುವ ಸಲಕರಣೆಯನ್ನು ತನ್ನ ಜೊತೆಗೇ ಇಟ್ಟುಕೊಂಡು ಬರುತ್ತದೆ. ಈ ಮಟ್ಟದ ಸಮಸ್ಯೆ ಬಗೆಹರಿದಿದೆ ಎಂದೇ ಹೇಳಬೇಕು.

ಬಗೆಹರಿಯದೆ ಉಳಿದಿರುವುದನ್ನು ಎಸ್‌ಕ್ಯುಲೈಟ್ ಉದಾಹರಣೆಯಿಂದಲೇ ತೋರಿಸುತ್ತೇನೆ. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ ಈ ಲೈಬ್ರರಿ ಸಿ ಲೋಕದ ಅತ್ಯಂತ ಶಿಸ್ತಿನ ಕೃತಿಗಳಲ್ಲಿ ಒಂದು. ಅದರ ದಾಖಲೆಗಳನ್ನು ಓದುವುದೇ ಒಂದು ಸಂತೋಷ. ಅಷ್ಟು ಚೊಕ್ಕಟವಾದ ಲೈಬ್ರರಿಯಲ್ಲೂ ದೋಷದ ಸಂದೇಶ ಪಡೆಯಲು ಎರಡು ದಾರಿಗಳಿವೆ. ‘ಎರ್‌ಮೆಸೇಜ್’ ಫಂಕ್ಷನ್ ಕರೆದರೆ ಒಂದು ಪಾಯಿಂಟರ್ ಸಿಗುತ್ತದೆ. ಆ ಮೆಮೊರಿ ಲೈಬ್ರರಿಯ ಸೊತ್ತು, ನೀವು ಅದನ್ನು ಬಿಡುಗಡೆ ಮಾಡಕೂಡದು. ಲೈಬ್ರರಿಯ ಮತ್ತೊಂದು ಫಂಕ್ಷನ್ ಕರೆದರೆ ಅದೇ ಜಾಗದಲ್ಲಿ ಬೇರೆ ಸಂದೇಶ ಕೂರಬಹುದು. ‘ಎಕ್ಸೆಕ್’ ಎಂಬ ಇನ್ನೊಂದು ಫಂಕ್ಷನ್ ಕೂಡ ಕೊನೆಯ ಆರ್ಗ್ಯುಮೆಂಟಿನ ಮೂಲಕ ದೋಷ ಸಂದೇಶವನ್ನು ಕೊಡುತ್ತದೆ. ಇದು ನಿಮ್ಮ ಸೊತ್ತು. ಎಸ್‌ಕ್ಯುಲೈಟ್‌ನದೇ ‘ಫ್ರೀ’ ಫಂಕ್ಷನ್ ಕರೆದು ಇದನ್ನು ನೀವೇ ಬಿಡುಗಡೆ ಮಾಡಬೇಕು, ಇಲ್ಲದಿದ್ದರೆ ಮೆಮೊರಿ ಸೋರುತ್ತದೆ. ಮೊದಲನೆಯದಕ್ಕೆ ಅದನ್ನೇ ಮಾಡಿದರೆ ಪ್ರೋಗ್ರಾಮ್ ಕುಸಿಯುತ್ತದೆ, ಅಥವಾ ಕುಸಿಯದೆ ಒಳಗೊಳಗೇ ಹಾಳಾಗುತ್ತದೆ. ಒಂದರ ಟೈಪಿನಲ್ಲಿ ‘ಕಾನ್ಸ್ಟ್’ ಇದೆಯಲ್ಲ, ಅದೇ ಸುಳಿವಲ್ಲವೇ ಎಂದು ಸಿ ಬಲ್ಲವರು ಕೇಳಬಹುದು. ಸುಳಿವು ಹೌದು, ಆದರೆ ಅದು ಬರೀ ರೂಢಿ. ಕಾನ್ಸ್ಟ್ ಇದ್ದೂ ಬಿಡುಗಡೆ ಮಾಡಬೇಕಾದ, ಇಲ್ಲದೆಯೂ ಮುಟ್ಟಬಾರದ ಫಂಕ್ಷನ್‌ಗಳು ಸಿ ಲೈಬ್ರರಿಗಳಲ್ಲಿ ಬೇಕಾದಷ್ಟಿವೆ.

ಡೇಟಾಬೇಸ್ ತೆರೆಯುವ ಫಂಕ್ಷನ್ನನ್ನೇ ನೋಡಿ. ತೆರೆಯುವಾಗ ದೋಷ ಬಂದರೂ ಮುಚ್ಚುವ ಫಂಕ್ಷನ್ನನ್ನು ಕರೆಯಬೇಕು ಎಂದು ದಾಖಲೆ ಹೇಳುತ್ತದೆ. ತೆರೆಯದ ಬಾಗಿಲನ್ನು ಯಾಕೆ ಮುಚ್ಚಬೇಕು ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಅಷ್ಟರಲ್ಲಾಗಲೇ ಒಂದಿಷ್ಟು ಮೆಮೊರಿ ತೆಗೆದುಕೊಂಡಾಗಿರುತ್ತದೆ. ಸಾಲಿನಿಂದ ಪಠ್ಯ ಓದುವ ‘ಕಾಲಮ್ ಟೆಕ್ಸ್ಟ್’ ಫಂಕ್ಷನ್ ಕೊಡುವ ಪಾಯಿಂಟರ್ ಮುಂದಿನ ಸಾಲಿಗೆ ಹೆಜ್ಜೆ ಇಡುವವರೆಗೆ ಮಾತ್ರ ಊರ್ಜಿತ. ಅದೇ ಕಾಲಮ್ಮನ್ನು ಬೇರೆ ಟೈಪಿನಲ್ಲಿ ಓದಿದರೆ ಅಷ್ಟು ಹೊತ್ತೂ ಇಲ್ಲ. ಇನ್ನು ಪಠ್ಯವನ್ನು ಒಳಗೆ ಕೊಡುವ ‘ಬೈಂಡ್ ಟೆಕ್ಸ್ಟ್’ ಫಂಕ್ಷನ್ ನನಗೆ ಬಹಳ ಇಷ್ಟ, ಏಕೆಂದರೆ ಅದು ಮಾಲೀಕತ್ವದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತದೆ. ಈ ಪಠ್ಯ ಕದಲುವುದಿಲ್ಲ, ಬದಲಾಗುವುದಿಲ್ಲ ಎಂದು ನೀವು ಮಾತು ಕೊಡುತ್ತೀರಾ? ಇಲ್ಲ ನಾನೇ ನಕಲು ಮಾಡಿಟ್ಟುಕೊಳ್ಳಲೇ? ಅಥವಾ ಕೆಲಸ ಮುಗಿದ ಮೇಲೆ ನಾನು ಕರೆಯಬೇಕಾದ ಬಿಡುಗಡೆಯ ಫಂಕ್ಷನ್ ಯಾವುದು? ಇದಕ್ಕೆ ಉತ್ತರ ಕೊಡುವ ಬಗೆ ಮಾತ್ರ ಪಕ್ಕಾ ಸಿ ಶೈಲಿಯದು. ‘ನಕಲು ಮಾಡಿಕೋ’ ಎನ್ನಲು ಮೈನಸ್ ಒಂದು ಎಂಬ ಸಂಖ್ಯೆಯನ್ನು ಫಂಕ್ಷನ್ ಪಾಯಿಂಟರಿನ ವೇಷ ತೊಡಿಸಿ ಕಳಿಸುತ್ತಾರೆ. ಮ್ಯಾಕ್ರೋ ರೂಪದಲ್ಲಿರುವ ಇದನ್ನು ಬೈಂಡ್‌ಜೆನ್ ತಾನಾಗಿ ಅನುವಾದಿಸುವುದಿಲ್ಲ, ರಸ್ಟ್ ಕಡೆಯವರು ಕೈಯಲ್ಲೇ ಬರೆದಿಟ್ಟಿದ್ದಾರೆ.

ಈ ನಿಯಮಗಳಲ್ಲಿ ಹೆಚ್ಚಿನವು ಹೆಡರ್ ಫೈಲಿನ ಟೈಪುಗಳಲ್ಲಿ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರನ ಹೆಸರು ಎಲ್ಲವೂ ಇರುತ್ತವೆ. ಮೇಲಿನ ಗದ್ದೆಯ ನೀರು ಯಾರ ಬದುವಿನ ಮೇಲೆ ಹರಿದು ಕೆಳಗಿನ ಗದ್ದೆಗೆ ಬರಬೇಕು ಎಂಬುದು ಊರಿನ ಹಿರಿಯರ ಬಾಯಲ್ಲಿ ಮಾತ್ರ ಇರುತ್ತದೆ. ಸಿ ಹೆಡರ್ ಕೂಡ ಹೀಗೆಯೇ. ಫಂಕ್ಷನ್ನಿನ ಆಕಾರ ಅದರಲ್ಲಿದೆ, ಒಪ್ಪಂದ ಇಲ್ಲ. ಒಪ್ಪಂದ ದಾಖಲೆಯಲ್ಲಿರಬಹುದು, ಕಾಮೆಂಟಿನಲ್ಲಿರಬಹುದು, ಇಪ್ಪತ್ತು ವರ್ಷದ ಹಿಂದೆ ಆ ಕೋಡು ಬರೆದು ಈಗ ನಿವೃತ್ತರಾದವರ ತಲೆಯಲ್ಲೂ ಇರಬಹುದು. ಬೈಂಡ್‌ಜೆನ್ ಓದುವುದು ಹೆಡರನ್ನು ಮಾತ್ರ. ಆದ್ದರಿಂದ ಅದು ಕೊಡುವುದೂ ಆಕಾರವನ್ನು ಮಾತ್ರ.

ರಸ್ಟ್‌ನ ನಿಜವಾದ ಉಪಕಾರ ಇರುವುದು ಈ ಬಾಯಿಮಾತನ್ನು ಟೈಪುಗಳಲ್ಲಿ ಬರೆದಿಡಲು ಅದು ಕೊಡುವ ಅವಕಾಶದಲ್ಲಿ. ಎಸ್‌ಕ್ಯುಲೈಟ್‌ಗೆ ರಸ್ಟ್‌ನಲ್ಲಿ ‘ರಸ್‌ಕ್ಯುಲೈಟ್’ ಎಂಬ ಹೊದಿಕೆ ಇದೆ. ಅದರಲ್ಲಿ ಸಾಲು ಎಂಬುದು ಸಾಲುಗಳ ಗುಂಪಿನಿಂದ ಎರವಲು ಪಡೆದ ವಸ್ತು, ಪಠ್ಯ ಎಂಬುದು ಆ ಸಾಲಿನಿಂದ ಎರವಲು ಪಡೆದದ್ದು. ಎರವಲು ಪಡೆದ ಪಠ್ಯವನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸಾಲಿಗೆ ಹೋಗಲು ನೋಡಿದರೆ ಪ್ರೋಗ್ರಾಮ್ ಕಂಪೈಲ್ ಆಗುವುದಿಲ್ಲ. ಸಿ ದಾಖಲೆಯ ಪ್ಯಾರಾದಲ್ಲಿದ್ದ ಎಚ್ಚರಿಕೆ ಇಲ್ಲಿ ಕಂಪೈಲರಿನ ನಿಯಮವಾಗಿದೆ. ಡೇಟಾಬೇಸ್ ಮುಚ್ಚುವುದನ್ನು ಮರೆಯುವ ಪ್ರಶ್ನೆಯೂ ಬರುವುದಿಲ್ಲ, ವೇರಿಯಬಲ್ಲಿನ ವ್ಯಾಪ್ತಿ ಮುಗಿದಾಗ ಅದು ತಾನಾಗಿ ಮುಚ್ಚುತ್ತದೆ. ಈ ಹೊದಿಕೆಯನ್ನು ಬರೆದವರು ದಾಖಲೆಯನ್ನು ಸಾಲು ಸಾಲಾಗಿ ಓದಿ ಒಂದು ಸಲ ಪಟ್ಟ ಶ್ರಮದ ಫಲವನ್ನು ಬಳಸುವವರೆಲ್ಲ ಉಣ್ಣುತ್ತಿದ್ದಾರೆ. ನಾನೂ ಬೈಂಡಿಂಗ್ ಬರೆಯಲು ಕೂತಾಗ ಕೀಬೋರ್ಡ್ ಮುಟ್ಟುವ ಮುಂಚೆ ಲೈಬ್ರರಿಯ ದಾಖಲೆಯನ್ನು ಅಚ್ಚು ಹಾಕಿಸಿ, ‘ಊರ್ಜಿತ’, ‘ಬಿಡುಗಡೆ’, ‘ನಕಲು’ ಎಂಬರ್ಥದ ಮಾತು ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇನೆ. ನಿಧಾನದ ಕೆಲಸ, ಆದರೆ ಅದಕ್ಕಿಂತ ಲಾಭದ ಕೆಲಸ ಬೇರೊಂದನ್ನು ನಾನು ಕಂಡಿಲ್ಲ.

ಸ್ಟ್ರಿಂಗ್ ವಿಷಯಕ್ಕೆ ಬಂದರೆ ಕನ್ನಡಿಗರಾದ ನಮಗೆ ಇದು ನೇರವಾಗಿ ತಟ್ಟುತ್ತದೆ. ಸಿ ಲೆಕ್ಕದಲ್ಲಿ ಸ್ಟ್ರಿಂಗ್ ಎಂದರೆ ಸೊನ್ನೆ ಬರುವವರೆಗಿನ ಬೈಟುಗಳ ಸಾಲು. ರಸ್ಟ್ ಲೆಕ್ಕದಲ್ಲಿ ಅದು ಉದ್ದ ಗೊತ್ತಿರುವ, ಸರಿಯಾದ ಯುಟಿಎಫ್-8 ಎಂದು ಖಾತ್ರಿಯಾದ ಪಠ್ಯ. ‘ಬೆಂಗಳೂರು’ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವವರಿಗೆ ನಾಲ್ಕು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಬ, ಎತ್ವ, ಸೊನ್ನೆ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಸೇರಿ ಎಂಟು ಸಂಕೇತ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟು ಬೇಕು, ಅಲ್ಲಿಗೆ 24 ಬೈಟು. ಹಳೆಯ ಸಿ ಲೈಬ್ರರಿಯೊಂದು ಊರಿನ ಹೆಸರಿಗೆ 20 ಬೈಟು ಮೀಸಲಿಟ್ಟಿದೆ ಎಂದುಕೊಳ್ಳಿ. ಇಂಗ್ಲಿಷಿನ ಹೆಸರುಗಳಿಗೆ ಅದು ಧಾರಾಳವಾಯಿತು. ನಮ್ಮ ಬೆಂಗಳೂರನ್ನು ಅದರಲ್ಲಿ ತುಂಬಿದರೆ ಕೊನೆಯ ಸೊನ್ನೆಗೆ ಒಂದು ಬೈಟು ಹೋಗಿ 19 ಉಳಿಯುತ್ತವೆ. ಮೊದಲ 18ರಲ್ಲಿ ‘ಬೆಂಗಳೂ’ ಕೂರುತ್ತದೆ, ಹತ್ತೊಂಬತ್ತನೆಯದು ‘ರ’ ಅಕ್ಷರದ ಮೂರನೇ ಒಂದು ಭಾಗ. ಸಿ ಇದನ್ನು ತಕರಾರಿಲ್ಲದೆ ಮುಂದಕ್ಕೆ ದಾಟಿಸುತ್ತದೆ, ಪರದೆಯ ಮೇಲೆ ಹೆಸರಿನ ಕೊನೆಗೆ ಒಂದು ಚೌಕಳಿಯೋ ಪ್ರಶ್ನೆ ಚಿಹ್ನೆಯೋ ಬೀಳುತ್ತದೆ. ಅಂಥ ತುಂಡಾದ ಹೆಸರುಗಳನ್ನು ರಸೀತಿಗಳಲ್ಲಿ ನೀವೂ ನೋಡಿರಬಹುದು.

ಇದೇ ಪಠ್ಯವನ್ನು ಸಿ ಕಡೆಯಿಂದ ರಸ್ಟ್ ಸ್ಟ್ರಿಂಗ್ ಆಗಿಸಲು ಹೋದರೆ ಒಪ್ಪಿಗೆ ಸಿಗುವುದಿಲ್ಲ. ‘18 ಬೈಟುಗಳವರೆಗೆ ಸರಿ ಇದೆ, ಆಮೇಲೆ ಇಲ್ಲ’ ಎಂಬ ದೋಷ ಬರುತ್ತದೆ. ಆಗ ಏನು ಮಾಡಬೇಕೆಂದು ಬೈಂಡಿಂಗ್ ಬರೆಯುವವರೇ ತೀರ್ಮಾನಿಸಬೇಕು. ಹಾಳಾದ ಕಡೆ ಬದಲಿ ಚಿಹ್ನೆ ಹಾಕಿ ಮುಂದೆ ಹೋಗಬಹುದು, ಬರೀ ಬೈಟುಗಳಾಗಿ ಉಳಿಸಿಕೊಳ್ಳಬಹುದು, ದೋಷವನ್ನು ಬಳಕೆದಾರರಿಗೆ ತಿಳಿಸಬಹುದು. ಕೆಲವರು ಇದನ್ನು ಕಿರಿಕಿರಿ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕನ್ನಡದ ಹೆಸರು ನಡುವೆಯೇ ತುಂಡಾದಾಗ ‘ಇಲ್ಲೇನೋ ತಪ್ಪಾಗಿದೆ’ ಎಂದು ಹೇಳುವ ಭಾಷೆ ನಮ್ಮಂಥವರ ಪರವಾಗಿ ನಿಂತಿದೆ ಎಂದೇ ನನಗನಿಸುತ್ತದೆ.

ಸ್ಟ್ರಿಂಗ್ ಕೊಡುವ ದಿಕ್ಕಿನಲ್ಲೂ ಒಂದು ಗುಂಡಿ ಇದೆ, ಹೊಸಬರಲ್ಲಿ ಬಹಳ ಮಂದಿ ಬೀಳುವುದು ಅಲ್ಲಿಗೇ. ರಸ್ಟ್ ಪಠ್ಯವನ್ನು ಸಿ ಸ್ಟ್ರಿಂಗ್ ಆಗಿ ಬದಲಿಸಿ, ಅದರ ಪಾಯಿಂಟರ್ ಪಡೆದು ವೇರಿಯಬಲ್ಲಿಗೆ ಹಾಕುವುದನ್ನೆಲ್ಲ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಆ ಸಾಲು ಮುಗಿಯುತ್ತಿದ್ದಂತೆ ತಾತ್ಕಾಲಿಕ ಸ್ಟ್ರಿಂಗ್ ಬಿಡುಗಡೆಯಾಗುತ್ತದೆ. ವೇರಿಯಬಲ್ಲಿನಲ್ಲಿ ಉಳಿದಿರುವುದು ಸತ್ತ ಮೆಮೊರಿಯ ವಿಳಾಸ. ಮುಂದಿನ ಸಾಲಿನಲ್ಲಿ ಅದನ್ನು ಸಿ ಫಂಕ್ಷನ್ನಿಗೆ ಕೊಟ್ಟರೆ ಪರೀಕ್ಷೆಯಲ್ಲಿ ಸರಿಯಾಗಿ ಓಡಿ, ಗ್ರಾಹಕರ ಮುಂದೆ ಕೈಕೊಡಬಹುದು. ಕಂಪೈಲರ್ ಈಗ ಇದಕ್ಕೆ ಎಚ್ಚರಿಕೆ ಕೊಡುತ್ತದೆ, ದಯವಿಟ್ಟು ಅದನ್ನು ಅಲಕ್ಷಿಸಬೇಡಿ. ಸ್ಟ್ರಿಂಗ್ ಅನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟು, ಆಮೇಲೆ ಪಾಯಿಂಟರ್ ಪಡೆದರೆ ಸಮಸ್ಯೆಯೇ ಇರುವುದಿಲ್ಲ.

ಸಣ್ಣಪುಟ್ಟವು ಇನ್ನೂ ಇವೆ. ಸಿ ಭಾಷೆಯ ‘ಚಾರ್’ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಋಣ ಸಂಖ್ಯೆ ಹಿಡಿಯುತ್ತದೆ, ಲಿನಕ್ಸ್ ಓಡುವ ಆರ್ಮ್ ಬೋರ್ಡಿನಲ್ಲಿ ಹಿಡಿಯುವುದಿಲ್ಲ. ಅದನ್ನು ನಿರ್ದಿಷ್ಟ ಟೈಪಾಗಿ ಬರೆದ ರಸ್ಟ್ ಕೋಡು ಒಂದು ಕಡೆ ಕಂಪೈಲ್ ಆಗಿ ಇನ್ನೊಂದು ಕಡೆ ಆಗದೆ ಇರುವುದು ಅದಕ್ಕೇ. ರಸ್ಟ್ ಕಡೆ ಪಡೆದ ಮೆಮೊರಿಯನ್ನು ಸಿ ಭಾಷೆಯ ‘ಫ್ರೀ’ಗೆ ಕೊಡಬಾರದು, ಬಿಡುಗಡೆಗೆ ರಸ್ಟ್‌ನದೇ ಫಂಕ್ಷನ್ ಒದಗಿಸಬೇಕು. ರಸ್ಟ್ ಕೋಡು ‘ಪ್ಯಾನಿಕ್’ ಆದಾಗ ಅದು ಸಿ ಕಡೆಗೆ ಹರಿಯಬಾರದು. 2024ರ ಸೆಪ್ಟೆಂಬರಿನಲ್ಲಿ ಬಂದ 1.81 ಆವೃತ್ತಿಯಿಂದ ಹಾಗೆ ಗಡಿ ದಾಟಲು ಹೊರಟ ಪ್ಯಾನಿಕ್ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಏನಾಗುತ್ತದೋ ಗೊತ್ತಿಲ್ಲ ಎಂಬ ಸ್ಥಿತಿಗಿಂತ ನಿಲ್ಲುವುದು ಎಷ್ಟೋ ಮೇಲು.

ಒಪ್ಪಂದವನ್ನು ಟೈಪಿನಲ್ಲಿ ಬರೆಯುವ ಕೆಲಸ ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ಲಿನಕ್ಸ್ ಕರ್ನಲ್‌ನಲ್ಲಿ. 2022ರ ಡಿಸೆಂಬರಿನಲ್ಲಿ ಬಿಡುಗಡೆಯಾದ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಮೊದಲ ಬಾರಿ ಜಾಗ ಸಿಕ್ಕಿತು, ಮಿಗೆಲ್ ಒಹೆದಾ ಆ ಯತ್ನದ ಮುಂದಾಳು. ಕರ್ನಲ್‌ನ ಸಿ ಕೋಡಿನಲ್ಲಿ ಬೀಗ ಒಂದು ಕಡೆ, ಅದು ಕಾಯಬೇಕಾದ ಮಾಹಿತಿ ಇನ್ನೊಂದು ಕಡೆ ಇರುತ್ತದೆ. ‘ಈ ಬೀಗ ಹಾಕದೆ ಇದನ್ನು ಮುಟ್ಟಬೇಡಿ’ ಎಂದು ಹೇಳುವುದು ಕಾಮೆಂಟು. ರಸ್ಟ್ ಹೊದಿಕೆಯಲ್ಲಿ ಮಾಹಿತಿಯನ್ನು ಬೀಗದ ಒಳಗೇ ಇಟ್ಟಿದ್ದಾರೆ. ಬೀಗ ಹಿಡಿಯದೆ ಮಾಹಿತಿಗೆ ದಾರಿಯೇ ಇಲ್ಲ, ಬ್ಲಾಕ್ ಮುಗಿದಾಗ ಬೀಗ ತಾನಾಗಿ ಬಿಡುತ್ತದೆ. ಆ ಹೊದಿಕೆಯ ಅಡಿಯಲ್ಲಿ ಓಡುವುದು ಅದೇ ಹಳೆಯ ಸಿ ಬೀಗ. ಕರ್ನಲ್‌ನ ಅನೇಕ ಕೆಲಸಗಳು ಮ್ಯಾಕ್ರೋ ಮತ್ತು ಇನ್‌ಲೈನ್ ಫಂಕ್ಷನ್‌ಗಳಾಗಿರುವುದರಿಂದ ರಸ್ಟ್‌ನಿಂದ ನೇರ ಕರೆಯಲು ಬರುವುದಿಲ್ಲ. ಅದಕ್ಕಾಗಿ ‘ಹೆಲ್ಪರ್ಸ್’ ಎಂಬ ಸಿ ಕಡತಗಳಲ್ಲಿ ಪುಟ್ಟ ಪುಟ್ಟ ಫಂಕ್ಷನ್ ಬರೆದಿಟ್ಟಿದ್ದಾರೆ.

ಅಲ್ಲಿ ನಡೆದ ಜಗಳವೂ ಗಮನಿಸುವಂಥದ್ದು. ಸಿ ಕಡೆಯವರು ಒಂದು ಫಂಕ್ಷನ್ನಿನ ವರ್ತನೆ ಬದಲಿಸಿದರೆ ರಸ್ಟ್ ಹೊದಿಕೆ ಒಡೆಯುತ್ತದೆ, ಆಗ ಸರಿಪಡಿಸುವವರು ಯಾರು ಎಂಬ ಬಗ್ಗೆ 2024 ಮತ್ತು 2025ರಲ್ಲಿ ಮೇಂಟೇನರುಗಳ ನಡುವೆ ಖಾರವಾದ ಚರ್ಚೆಯಾಯಿತು. ಬೇಸತ್ತು ಹೊರನಡೆದವರೂ ಇದ್ದಾರೆ. ಎರಡೂ ಕಡೆಯವರ ಚಿಂತೆ ನ್ಯಾಯವಾದದ್ದೇ. ಹೊದಿಕೆ ಒಂದು ಸಲ ಬರೆದು ಮರೆಯುವಂಥದ್ದಲ್ಲ, ಅದಕ್ಕೆ ಹೊಣೆಗಾರರು ಬೇಕು. ಕರ್ಲ್ ಯೋಜನೆಯಲ್ಲಿ ನಡೆದದ್ದೂ ಇದನ್ನೇ ತೋರಿಸುತ್ತದೆ. ರಸ್ಟ್‌ನಲ್ಲಿ ಬರೆದ ಹೈಪರ್ ಎಂಬ ಎಚ್‌ಟಿಟಿಪಿ ಲೈಬ್ರರಿಯನ್ನು ಅದರೊಳಗೆ ಕೂರಿಸುವ ಪ್ರಯೋಗ ಕೆಲವು ವರ್ಷ ನಡೆಯಿತು, ಪರೀಕ್ಷೆಗಳಲ್ಲಿ ಬಹುಪಾಲು ಪಾಸೂ ಆಗಿತ್ತು. ಆದರೆ ಸಿ, ರಸ್ಟ್ ಎರಡರಲ್ಲೂ ಪಳಗಿ, ಕೊನೆಯ ಮೈಲಿ ನಡೆಯುವ ಆಸಕ್ತಿ ಇದ್ದವರು ಸಾಕಷ್ಟು ಸಿಗಲಿಲ್ಲ, ಬಳಕೆದಾರರಿಂದ ಬೇಡಿಕೆಯೂ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ಕರ್ಲ್ ಕರ್ತೃ ಡೇನಿಯಲ್ ಸ್ಟೆನ್‌ಬರಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿದರು.

ಗೆದ್ದ ಕಡೆಗಳಲ್ಲಿ ನನಗೆ ಕಾಣುವ ಸಮಾನ ಅಂಶವೆಂದರೆ ಕಿರಿದಾದ ಗಡಿ. ಫೈರ್‌ಫಾಕ್ಸ್ ತನ್ನ ಮೊದಲ ರಸ್ಟ್ ಭಾಗವನ್ನು 2016ರ ಆಗಸ್ಟಿನಲ್ಲಿ 48ನೇ ಆವೃತ್ತಿಯೊಂದಿಗೆ ಹೊರತಂದಿತು. ಅದು ಎಂಪಿ4 ವಿಡಿಯೊ ಕಡತದ ತಲೆಬರಹ ಓದುವ ಭಾಗ. ಒಳಗೆ ಬೈಟುಗಳು ಹೋಗುತ್ತವೆ, ಹೊರಗೆ ನಾಲ್ಕಾರು ಮಾಹಿತಿ ಬರುತ್ತದೆ, ನಡುವೆ ಸಿ ರೂಪದ ತೆಳುವಾದ ಬಾಗಿಲು. ಅಪರಿಚಿತ ಮೂಲದ ಕಡತ ಓದುವ ಕೋಡಿನ ಮೇಲೇ ದಾಳಿಕೋರರ ಕಣ್ಣು ಎಂಬುದರಿಂದ ಆಯ್ಕೆಯೂ ಸರಿಯಾಗಿತ್ತು. ಚಿತ್ರಗಳನ್ನು ಮೂಡಿಸುವ, ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ನ ಲಿಬ್‌ಆರ್‌ಎಸ್‌ವಿಜಿ ಲೈಬ್ರರಿಯನ್ನು ಫೆಡೆರಿಕೊ ಮೆನಾ ಕ್ವಿಂಟೆರೊ 2016ರ ಅಕ್ಟೋಬರಿನಿಂದ ತುಣುಕು ತುಣುಕಾಗಿ ರಸ್ಟ್‌ಗೆ ಬದಲಿಸುತ್ತ ಬಂದರು. ಹೊರಗಿನ ಸಿ ಫಂಕ್ಷನ್‌ಗಳು ಇದ್ದಂತೆಯೇ ಉಳಿದವು. ಅದನ್ನು ಬಳಸುವ ಪ್ರೋಗ್ರಾಮುಗಳಿಗೆ ಒಳಗಿನ ಭಾಷೆ ಬದಲಾದದ್ದು ತಿಳಿಯಬೇಕಾಗಿಯೇ ಬರಲಿಲ್ಲ.

ಎಲ್ಲವನ್ನೂ ಹೊಸದಾಗಿ ಬರೆಯಬೇಕೆಂಬ ಹುರುಪು ಇರುವವರಿಗೆ ಆಂಡ್ರಾಯ್ಡ್‌ನ ಅಂಕಿ ತೋರಿಸುತ್ತೇನೆ. ಅದರ ಭದ್ರತಾ ಲೋಪಗಳಲ್ಲಿ ಮೆಮೊರಿಗೆ ಸಂಬಂಧಿಸಿದವು 2019ರಲ್ಲಿ ಶೇ 76ರಷ್ಟಿದ್ದವು, 2024ರ ಹೊತ್ತಿಗೆ ಶೇ 24ಕ್ಕೆ ಇಳಿದವು. ಹಳೆಯ ಸಿ ಮತ್ತು ಸಿ++ ಕೋಡಿನ ಬಹುಭಾಗವನ್ನು ಆಂಡ್ರಾಯ್ಡ್ ತಂಡದವರು ಹಾಗೇ ಬಿಟ್ಟರು. ಹೊಸದಾಗಿ ಬರೆಯುವುದನ್ನು ಮಾತ್ರ ರಸ್ಟ್‌ನಂಥ ಭಾಷೆಗಳಲ್ಲಿ ಬರೆದರು. ವರ್ಷಗಟ್ಟಲೆ ಓಡಿದ ಕೋಡಿನಲ್ಲಿ ಲೋಪಗಳು ಸಿಕ್ಕಿ, ಸರಿಯಾಗುತ್ತ ಬಂದಿರುತ್ತವೆ, ಹೊಸ ಲೋಪಗಳು ಹೆಚ್ಚಾಗಿ ಹೊಸ ಕೋಡಿನಲ್ಲಿ ಹುಟ್ಟುತ್ತವೆ. ಹಾಗಾದರೆ ಹಳೆಯದರ ಪಕ್ಕದಲ್ಲಿ ಹೊಸದು ಸುರಕ್ಷಿತವಾಗಿ ಬಾಳುವಂತೆ ಮಾಡುವ ಗಡಿಯ ಕೆಲಸಕ್ಕೇ ನಿಮ್ಮ ಒಳ್ಳೆಯ ಎಂಜಿನಿಯರುಗಳನ್ನು ಹಾಕಬೇಕು. ಅನೇಕ ಕಡೆ ಅದನ್ನು ಹೊಸದಾಗಿ ಸೇರಿದವರಿಗೆ ಒಪ್ಪಿಸಿ, ಬೈಂಡ್‌ಜೆನ್ ಓಡಿಸಿ ಮುಗಿಸು ಎನ್ನುವುದನ್ನು ಕಂಡಿದ್ದೇನೆ. ತಂಡದಲ್ಲಿ ಸಿ ಕೋಡನ್ನು ಚೆನ್ನಾಗಿ ಬಲ್ಲ ಹಿರಿಯರೂ ರಸ್ಟ್ ಕಲಿತ ಕಿರಿಯರೂ ಒಂದೇ ಮೇಜಿನಲ್ಲಿ ಕೂತು, ಪ್ರತಿ ಪಾಯಿಂಟರಿಗೂ ಮಾಲೀಕ ಯಾರು, ಎಲ್ಲಿಯವರೆಗೆ ಊರ್ಜಿತ, ಖಾಲಿ ಬರಬಹುದೇ, ಬೇರೆ ಥ್ರೆಡ್ಡಿನಿಂದ ಮುಟ್ಟಬಹುದೇ ಎಂದು ಕೇಳಿ ಬರೆದುಕೊಳ್ಳಬೇಕಾದ ಕೆಲಸ ಅದು.

ಈ ಕೇಳುವಿಕೆಯ ಲಾಭ ಸಿ ಕಡೆಗೂ ಹರಿಯುತ್ತಿದೆ. ಕರ್ನಲ್‌ನ ಸಿ ಸ್ಟ್ರಕ್ಟ್‌ಗಳಲ್ಲಿ ಕೊನೆಗಿರುವ ಅರೇಯ ಉದ್ದವನ್ನು ಯಾವ ಫೀಲ್ಡ್ ಹೇಳುತ್ತದೆ ಎಂಬುದು ಈವರೆಗೆ ಬರೆದವರಿಗೆ ಮಾತ್ರ ಗೊತ್ತಿರುತ್ತಿತ್ತು. ಈಗ ‘ಕೌಂಟೆಡ್ ಬೈ’ ಎಂಬ ಗುರುತನ್ನು ಹಾಕಿ ಅದನ್ನು ಕೋಡಿನಲ್ಲೇ ಬರೆಯುತ್ತಿದ್ದಾರೆ. ಕ್ಲ್ಯಾಂಗ್ 18 ಮತ್ತು ಜಿಸಿಸಿ 15 ಆ ಗುರುತನ್ನು ಓದಬಲ್ಲವು, ಪರಿಶೀಲನೆಯನ್ನು ಚಾಲೂ ಮಾಡಿದ್ದರೆ ಉದ್ದ ಮೀರಿದ್ದನ್ನು ಓಡುವಾಗಲೇ ಹಿಡಿಯಬಲ್ಲವು. ನಿಮ್ಮ ಆಫೀಸಿನ ಹಳೆಯ ಸಿ ಕೋಡಿಗೂ ಇಂಥ ಗುರುತುಗಳನ್ನು ಇವತ್ತೇ ಹಾಕಲು ಶುರುಮಾಡಬಹುದು, ರಸ್ಟ್‌ನ ಒಂದು ಸಾಲು ಬರೆಯುವ ಮುಂಚೆಯೇ.